ಶಾಲೆ ನಿಮ್ಮದು, ರಸ್ತೆಯೂ ನಿಮ್ಮದೇನಾ?

ನಮ್ಮ ಬೀದಿಯ ಖಾಸಗಿ ಶಾಲೆಯವರು ಹಿಂದಿನ ಸಾಲಿನ ಮೂರು ಸೈಟುಗಳನ್ನು ಕೊಂಡಿದ್ದಾರೆ. ಹಳೇ ಮನೆಗಳನ್ನು ಒಡೆದು ಐದು ಮಹಡಿಯ ಹೊಸ ಬ್ಲಾಕ್ ಎಬ್ಬಿಸುತ್ತಾರಂತೆ. ಆಡಿಟೋರಿಯಂ, ಈಜುಕೊಳ, ಸಾಲದ್ದಕ್ಕೆ ಪಿಯುಸಿ ಬೇರೆ. ಬೇಡ ಅಂದಿದ್ದಕ್ಕೆ ಪೋಷಕರ ವಾಟ್ಸ್ಯಾಪ್ ಗ್ರೂಪಿನಲ್ಲಿ ನಮಗೆ ಸಿಕ್ಕ ಬಿರುದು: ಮಕ್ಕಳನ್ನು ಕಂಡರೆ ಆಗದವರು, ಕೆಲಸವಿಲ್ಲದ ರಿಟೈರ್ಡ್ ಜನ. ಸ್ವಾಮಿ, ನಾನು ರಿಟೈರ್ ಆಗೋಕೆ ಇನ್ನೂ ಬಹಳ ವರ್ಷ ಇದೆ. ಬೆಳಿಗ್ಗೆ ನಾನೂ ಆಫೀಸಿಗೆ ಹೋಗಬೇಕು. ಹೋಗೋಕೆ ನೀವು ಬಿಡ್ತಿಲ್ಲ, ಅದೇ ನನ್ನ ತಕರಾರು.

ನಮ್ಮದು ಬೆಂಗಳೂರಿನ ಹಳೇ ಬಿಡಿಎ ಲೇಔಟು. 30 ಅಡಿ ರಸ್ತೆ. ಚರಂಡಿ, ಕರೆಂಟ್ ಕಂಬ, ಮನೆಯವರ ಕಾರುಗಳನ್ನು ಕಳೆದರೆ ಒಂದು ಗಾಡಿ ಹೋಗುವಷ್ಟು ಜಾಗ ಉಳಿಯುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಆ ಜಾಗಕ್ಕೆ ಶಾಲೆಯ ಬಸ್ಸು, ಟೆಂಪೋ ಟ್ರಾವೆಲರ್, ಆಟೋ, ಒಂದೊಂದೇ ಮಗುವನ್ನು ಕೂರಿಸಿಕೊಂಡ ದೊಡ್ಡ ದೊಡ್ಡ ಕಾರು ಎಲ್ಲ ಒಟ್ಟಿಗೆ ನುಗ್ಗುತ್ತವೆ. ಮಗುವನ್ನು ಗೇಟಿನೊಳಗೆ ಬಿಟ್ಟು, ಬ್ಯಾಗು ಸರಿ ಮಾಡಿ, ಟಾಟಾ ಮಾಡಿ, ಪರಿಚಯದವರ ಹತ್ತಿರ ನಾಲ್ಕು ಮಾತಾಡುವ ತನಕ ಕಾರು ನಮ್ಮ ಗೇಟಿಗೆ ಅಡ್ಡ. ತೆಗೀರಿ ಅಂದರೆ "ಟೂ ಮಿನಿಟ್ಸ್ ಅಂಕಲ್". ಪಕ್ಕದ ಮನೆಯ ಅಜ್ಜಿಗೆ ಡಯಾಲಿಸಿಸ್ ಇರುವ ದಿನ ಏಳಕ್ಕೇ ಮನೆ ಬಿಡುತ್ತಾರೆ. ಆಸ್ಪತ್ರೆ ಅಷ್ಟು ಬೇಗ ತೆಗೆಯುತ್ತದೆ ಅಂತಲ್ಲ, ಎಂಟಾದರೆ ಬೀದಿ ದಾಟೋಕಾಗಲ್ಲ ಅಂತ. ಶಾಲೆಯ ವಾಚ್‌ಮನ್‌ಗೆ ಹೇಳಿದರೆ ಅವನು ನಮಗೇ ವಿಸಿಲ್ ಹೊಡೆಯುತ್ತಾನೆ!

ಶುರುವಿನಲ್ಲಿ ಇದು ಬಾಡಿಗೆ ಮನೆಯಲ್ಲಿದ್ದ ಎಲ್‌ಕೆಜಿ, ಯುಕೆಜಿ. ನಮಗೆಲ್ಲ ಖುಷಿನೇ ಆಗಿತ್ತು. ಆಮೇಲೆ ಪಕ್ಕದ ಮನೆ ಸೇರಿತು, ಮೇಲೊಂದು ಮಹಡಿ ಬಂತು, ಅದರ ಮೇಲೆ ಶೀಟು ಹಾಕಿದ ಇನ್ನೊಂದು ಬಂತು. ಆಟದ ಮೈದಾನ ಎಲ್ಲಿ ಅಂದಿರಾ? ನಮ್ಮ ಪಾರ್ಕು. ಪಿಟಿ ಪೀರಿಯಡ್ ಅಲ್ಲೇ. ಬಸ್ ನಿಲ್ದಾಣ ನಮ್ಮ ರಸ್ತೆ. ಪೋಷಕರು ಕಾಯುವ ಕೋಣೆ ನಮ್ಮ ಮನೆಗಳ ಮೆಟ್ಟಿಲು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೇ. ಫೀಸು ಮಾತ್ರ ಅವರಿಗೆ.

ಇನ್ನು ಶಬ್ದ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಶಾಲೆಯ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಅಲ್ಲಿ ಹಗಲಿಗೆ 50 ಡೆಸಿಬಲ್ ಮಿತಿ. ಮನೆಗಳಿರುವ ಜಾಗಕ್ಕೇ 55 ಇದೆ. ಅಂದರೆ ಶಾಲೆ ಇದ್ದ ಕಡೆ ಮಾಮೂಲಿ ಬೀದಿಗಿಂತ ನೆಮ್ಮದಿ ಇರಬೇಕು, ಅಲ್ವಾ? ನಮ್ಮಲ್ಲಿ ಆನ್ಯುಯಲ್ ಡೇ ಬಂತೆಂದರೆ ತಿಂಗಳು ಮುಂಚಿಂದ ಟೆರೇಸಿನ ಮೇಲೆ ಸ್ಪೀಕರ್ ಇಟ್ಟು ಒಂದೇ ಹಾಡಿಗೆ ಡ್ಯಾನ್ಸ್ ಪ್ರಾಕ್ಟೀಸ್.

ಈಜುಕೊಳದ ಸುದ್ದಿ ಕೇಳಿ ನನಗೆ ನಿಜವಾಗಲೂ ಮೈ ಉರಿಯಿತು. 2024ರ ಬೇಸಿಗೆ ಇಷ್ಟು ಬೇಗ ಮರೆತು ಹೋಯಿತಾ? ನಮ್ಮ ಬೀದಿಯ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಟ್ಯಾಂಕರಿನವನಿಗೆ ಸಂಬಂಧಿಕರಿಗಿಂತ ಜಾಸ್ತಿ ಫೋನ್ ಮಾಡಿದ್ದೇವೆ. ಆ ಮಾರ್ಚಿನಲ್ಲಿ ಜಲಮಂಡಳಿ ಕಾರು ತೊಳೆಯೋಕೆ, ಕಟ್ಟಡ ಕಟ್ಟೋಕೆ, ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಈಗ ಅದೇ ಬೀದಿಗೆ ಕಟ್ಟಡವೂ ಬೇಕು, ಕೊಳವೂ ಬೇಕು. ನೀರು ಎಲ್ಲಿಂದ ಅಂದರೆ "ನಮ್ಮದೇ ಬೋರ್ ಹಾಕಿಸ್ತೀವಿ". ಅದೇ ಭಯ ರೀ ನಮಗೆ!

ಒಂದು ಸಭೆಯನ್ನೂ ಕರೆದರು. ಕಾಫಿ, ಬೋಂಡ, ಗೋಡೆ ಮೇಲೆ ಬಣ್ಣದ ಚಿತ್ರಗಳು. ಚಿತ್ರದ ತುಂಬ ಮರ, ಹುಲ್ಲು, ನಗುವ ಮಕ್ಕಳು. ಒಂದೇ ಒಂದು ಬಸ್ ಇಲ್ಲ. ಈಗ ಎಷ್ಟು ಮಕ್ಕಳಿದ್ದಾರೆ, ಆಮೇಲೆ ಎಷ್ಟಾಗುತ್ತಾರೆ ಅಂತ ಕೇಳಿದೆವು. "ಅದಿನ್ನೂ ಫೈನಲ್ ಆಗಿಲ್ಲ ಸರ್." ಮುಂದಿನ ವರ್ಷದ ಸೀಟಿಗೆ ಅಡ್ವಾನ್ಸ್ ತಗೊಳ್ಳೋದು ಮಾತ್ರ ಫೈನಲ್ ಆಗಿದೆ. ಬಾಗಿಲಲ್ಲಿ ಹಾಜರಿ ಪುಸ್ತಕ ಇಟ್ಟು ಎಲ್ಲರ ಸಹಿ ಹಾಕಿಸಿಕೊಂಡರು. ಆಮೇಲೆ ಗೊತ್ತಾಗಿದ್ದು, ಆ ಸಹಿಗಳನ್ನೇ "ಸ್ಥಳೀಯರ ಒಪ್ಪಿಗೆ" ಅಂತ ತೋರಿಸುತ್ತಿದ್ದಾರೆ. ಬೋಂಡ ತಿಂದಿದ್ದಕ್ಕೆ ಇಷ್ಟು ಬೆಲೆನಾ?

ನಿಮ್ಮ ಏರಿಯಾದ ಮಕ್ಕಳಿಗೇ ಅನುಕೂಲ ಅಂತಾರೆ. ಯಾವ ಮಕ್ಕಳಿಗೆ? ಇಸ್ತ್ರಿ ಅಂಗಡಿಯವನ ಮಗಳು, ಮನೆಗೆಲಸಕ್ಕೆ ಬರುವವರ ಮಗ, ಇವರ್ಯಾರೂ ಆ ಗೇಟಿನೊಳಗೆ ಕಾಲಿಟ್ಟಿಲ್ಲ. ಮೊದಲು ಆರ್‌ಟಿಇಯಲ್ಲಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಬಡ ಮಕ್ಕಳಿಗೆ 25 ಪರ್ಸೆಂಟ್ ಸೀಟಾದರೂ ಇತ್ತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಇಲ್ಲಿಗೆ ಬರುವವರೆಲ್ಲ ದೂರದ ಅಪಾರ್ಟ್‌ಮೆಂಟಿನವರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಹತ್ತಿರದ ಮಕ್ಕಳಿಗೆ ಅಂತ ಮಾತ್ರ ಹೇಳಬೇಡಿ.

ದೂರು ಕೊಡೋಣ ಅಂದರೆ ಯಾರಿಗೆ? ಪಾಲಿಕೆ ಕೌನ್ಸಿಲ್ಲಿನ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಬಾಗಿಲು ತಟ್ಟೋಕೆ ಕಾರ್ಪೊರೇಟರ್ ಅನ್ನೋರೇ ಇಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ಪಾಲಿಕೆ ಆಯಿತು. ನಮ್ಮ ಅರ್ಜಿ ಯಾವ ಪಾಲಿಕೆಯ ಯಾವ ಟೇಬಲ್ ಮೇಲಿದೆ ಅಂತ ಹೇಳುವವರಿಲ್ಲ. ಇಂಜಿನಿಯರ್ ಸಾಹೇಬರು "ಪ್ಲಾನ್ ಸ್ಯಾಂಕ್ಷನ್ ಆಗಲಿ, ಆಮೇಲೆ ಆಕ್ಷೇಪಣೆ ಕೊಡಿ" ಅಂದರು. ಸ್ಯಾಂಕ್ಷನ್ ಆದಮೇಲೆ ಆಕ್ಷೇಪಣೆ ಕೊಟ್ಟು ಏನು ಮಾಡಲಿ, ಫ್ರೇಮ್ ಹಾಕಿಸಲಾ?

ಬೀದಿಯವರು ಒಟ್ಟಾಗಿ ಹಟ ಹಿಡಿದು ಕೂತರೆ ಏನೂ ಆಗಲ್ಲ ಅಂತ ಮಾತ್ರ ಯಾರೂ ತಿಳಿಯಬೇಡಿ. ಇದೇ ಊರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಕಡೆಗೇ ತೀರ್ಪು ಕೊಟ್ಟಿತು. ಅವರ ಮೇಲೂ "ಆಸ್ಪತ್ರೆ ವಿರೋಧಿಗಳು" ಅಂತ ಹಣೆಪಟ್ಟಿ ಅಂಟಿಸಿದ್ದರೋ ಏನೋ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಬಸ್ಸುಗಳು ಕಾಂಪೌಂಡಿನ ಒಳಗೆ ನಿಲ್ಲಲಿ. ಮಕ್ಕಳನ್ನು ಒಳಗೇ ಇಳಿಸಿ, ಒಳಗೇ ಹತ್ತಿಸಿ. ಪಿಟಿ ನಿಮ್ಮ ಮೈದಾನದಲ್ಲಿ ಮಾಡಿಸಿ. ಎಷ್ಟು ಮಕ್ಕಳು ಅಂತ ಬರೆದು ಸಹಿ ಹಾಕಿ ಕೊಡಿ. ಇಷ್ಟಕ್ಕೆ ಜಾಗ ಸಾಲದು ಅಂದರೆ ಊರಾಚೆ ಹೋಗಿ ಕಟ್ಟಿಕೊಳ್ಳಿ, ಹೇಗೂ ನಿಮ್ಮ ಮಕ್ಕಳು ಅಲ್ಲಿಂದಲೇ ಬರ್ತಿದ್ದಾರೆ. ಮುಂದಿನ ಶನಿವಾರ ಮತ್ತೆ ಸಭೆ ಅಂತೆ. ಎಲ್ಲರೂ ಬನ್ನಿ. ಹಾಜರಿ ಪುಸ್ತಕದಲ್ಲಿ ಸಹಿ ಹಾಕುವ ಮುಂಚೆ ಹೆಸರಿನ ಪಕ್ಕ "ವಿರೋಧವಿದೆ" ಅಂತ ದೊಡ್ಡದಾಗಿ ಬರೀರಿ.