ಕೆರೆಯೋ ಕಡಲೋ ತೀರ್ಮಾನವಾಗುವ ಹೊತ್ತಿಗೆ

ಕ್ಯಾಸ್ಪಿಯನ್ ಕೆರೆಯೋ, ಕಡಲೋ? ಪ್ರಶ್ನೆ ಚಿಕ್ಕದು. ಐದು ದೇಶಗಳು ಕೂತು ಉತ್ತರ ಹುಡುಕೋಕೆ ತಗೊಂಡಿದ್ದು ಇಪ್ಪತ್ತೆರಡು ವರ್ಷ.

ಸುಮ್ನೆ ಕಾಲಹರಣ ಅಂತ ಅಂದುಕೊಳ್ಳಬೇಡಿ. ಎಲ್ಲಾ ಇರೋದು ಹೆಸರಿನಲ್ಲೇ. ಕಡಲು ಅಂದರೆ ಉದ್ದ ಕರಾವಳಿ ಇದ್ದವರಿಗೆ ತಳದ ಎಣ್ಣೆ, ಗ್ಯಾಸು ಜಾಸ್ತಿ. ಕೆರೆ ಅಂದರೆ ಐದು ಸಮಪಾಲು ಮಾಡಿ ಅಂತ ಇರಾನ್ ಕೈ ಚಾಚಬಹುದು, ಯಾಕೆಂದರೆ ಅದರ ಕರಾವಳಿ ಗಿಡ್ಡ. ಮೊದಲು ದಡದಲ್ಲಿ ಇದ್ದವರು ಇಬ್ಬರೇ, ಸೋವಿಯತ್ ಒಕ್ಕೂಟ ಮತ್ತು ಇರಾನ್. 1991ರಲ್ಲಿ ಒಕ್ಕೂಟ ಒಡೆಯಿತು. ರಷ್ಯಾ, ಕಜಾಕಿಸ್ತಾನ, ತುರ್ಕಮೆನಿಸ್ತಾನ, ಅಜರ್‌ಬೈಜಾನ್ ಬೇರೆ ಬೇರೆ ಒಲೆ ಹೂಡಿದವು. ಅಣ್ಣತಮ್ಮಂದಿರು ಪಾಲಾದ ಮೇಲೆ ಬಾವಿ ಯಾರದು ಅನ್ನೋ ತಕರಾರು ಬರಲೇಬೇಕಲ್ಲ, ಬಂತು. 1996ರಲ್ಲಿ ಒಂದು ಕಾರ್ಯತಂಡವೂ ಬಂತು.

ಕೊನೆಗೆ 2018ರ ಆಗಸ್ಟ್ 12ರಂದು ಕಜಾಕಿಸ್ತಾನದ ಅಕ್ತೌ ಎಂಬ ಬಂದರು ಊರಿನಲ್ಲಿ ಐವರು ಅಧ್ಯಕ್ಷರು ಸಹಿ ಹಾಕಿದರು. ಒಪ್ಪಂದದ ಶುರುವಿನಲ್ಲೇ ಉತ್ತರ ಇದೆ. ಕ್ಯಾಸ್ಪಿಯನ್ ಸಮುದ್ರ ಅಂದರೆ ಈ ಐದು ದೇಶಗಳ ನೆಲ ಸುತ್ತುವರಿದಿರುವ ಜಲರಾಶಿ! ಅಂದರೆ ಸುತ್ತ ನೆಲ, ನಡುವೆ ನೀರು. ಮೂರನೇ ಕ್ಲಾಸಿನ ಹುಡುಗ ಹೀಗೆ ಬರೆದಿದ್ದರೆ ಮೇಷ್ಟ್ರು ಅರ್ಧ ಮಾರ್ಕು ಕೊಟ್ಟು ಕೂರಿಸುತ್ತಿದ್ದರು. ಇನ್ನು ತಳ ಹಂಚುವ ವಿಷಯ? ಅದನ್ನು ಅಕ್ಕಪಕ್ಕದವರು ಆಮೇಲೆ ಮಾತಾಡಿಕೊಳ್ಳಲಿ ಅಂತ ಬಿಟ್ಟರು. ಜಗಳ ಶುರುವಾಗಿದ್ದೇ ಅದಕ್ಕೆ, ಅಲ್ವಾ?

ಅಲ್ಲಿ ಬೆಲುಗಾ ಅಂತ ಒಂದು ದೊಡ್ಡ ಮೀನಿದೆ. ದುಬಾರಿ ಕ್ಯಾವಿಯರ್ ಅದರದ್ದೇ ಮೊಟ್ಟೆ. ಹೆಣ್ಣು ಬೆಲುಗಾ ದೊಡ್ಡದಾಗಿ ಮೊಟ್ಟೆಗೆ ಬರೋಕೆ ಹದಿನೈದು ವರ್ಷಕ್ಕೂ ಮೇಲೆ ಬೇಕು. ಮೊದಲ ಸಭೆಯ ದಿನ ಹುಟ್ಟಿದ ಮರಿ ಸಹಿಯ ದಿನಕ್ಕೆ ತಾಯಿಯಾಗಿರಬಹುದಿತ್ತು. ಅಷ್ಟು ದಿನ ಅದನ್ನು ಯಾರೂ ಹಿಡಿಯದೆ ಬಿಟ್ಟಿದ್ದರೆ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿದೆ. ಗಡಿ ಅಳೆಯೋಕೆ ಎಲ್ಲಿಂದಲೋ ಶುರು ಮಾಡಬೇಕಲ್ಲ. ದಡ ಎಲ್ಲಿದೆ ಅಂತ ಒಪ್ಪಂದ ಹೇಳುತ್ತದೆ: ನೀರಿನ ಮಟ್ಟ ಮೈನಸ್ 28.0 ಮೀಟರ್ (ಅಂದರೆ ಸಾಗರದ ಮಟ್ಟಕ್ಕಿಂತ ಅಷ್ಟು ಕೆಳಗೆ) ಇರುವ ಕಡೆ. ಆ ಸೊನ್ನೆಯನ್ನು ಗಮನಿಸಿ. ಬರೀ 28 ಅಲ್ಲ, 28.0. ಅಲ್ಲಿಂದ 15 ನಾಟಿಕಲ್ ಮೈಲಿ ನಿಮ್ಮ ನೀರು, ಅದರಾಚೆ 10 ಮೈಲಿ ನಿಮ್ಮ ಮೀನು. ಅಚ್ಚುಕಟ್ಟು ಅಂದರೆ ಇದು.

ತೊಂದರೆ ಏನೆಂದರೆ, ಈ ಷರತ್ತನ್ನು ಕ್ಯಾಸ್ಪಿಯನ್‌ಗೆ ಯಾರೂ ಓದಿ ಹೇಳಲಿಲ್ಲ. ಅದು 1990ರ ದಶಕದ ನಡುವಿನಿಂದಲೇ ಇಳಿಯುತ್ತಿದೆ, ಹೆಚ್ಚುಕಡಿಮೆ ಕಾರ್ಯತಂಡ ಕೂತಾಗಿನಿಂದ. ಈಗ ಮೈನಸ್ 29 ಮೀಟರನ್ನೂ ದಾಟಿ ಕೆಳಗೆ ಹೋಗಿದೆ. ಉತ್ತರ ಭಾಗದ ಆಳವೇ ಸರಾಸರಿ ಐದು ಮೀಟರ್. ಅಲ್ಲಿ ಮಟ್ಟ ಒಂದು ಮೀಟರ್ ಇಳಿದರೆ ದಡ ಕಿಲೋಮೀಟರ್‌ಗಟ್ಟಲೆ ಹಿಂದೆ ಸರಿಯುತ್ತದೆ. ಊಹಿಸಿಕೊಳ್ಳಿ: ಕಾಗದದ ದಡದಲ್ಲಿ ಅಧಿಕಾರಿ ಅಳತೆಗೋಲು ನೆಟ್ಟು ನಿಂತಿದ್ದಾನೆ. ಕಾಲಡಿ ಬಿರುಕು ಬಿಟ್ಟ ಕೆಸರು, ಒಣಗಿದ ಚಿಪ್ಪು. ಮುಂದೆ ಕಣ್ಣು ಹಾಯಿಸಿದಷ್ಟೂ ದೂರ ನೆಲ. ಅದು ಕಾನೂನಿನ ಪ್ರಕಾರ ನೀರು. ಒಪ್ಪಂದ ಮುರಿದಿರುವುದು ಯಾವ ದೇಶವೂ ಅಲ್ಲ, ಕ್ಯಾಸ್ಪಿಯನ್ನೇ. ನೋಟಿಸ್ ಕಳಿಸಬೇಕಾದ್ದು ಅದಕ್ಕೆ.

ಒಳಗೆ ಬರುವ ನದಿ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ವೋಲ್ಗಾದ್ದು. ವೋಲ್ಗಾ ಪೂರ್ತಿ ರಷ್ಯಾದೊಳಗೆ ಹರಿಯುತ್ತದೆ, ದಾರಿಯುದ್ದಕ್ಕೂ ಅಣೆಕಟ್ಟು. ಬಿಸಿಲು ಜೋರಾಗಿ ಆವಿಯಾಗುವ ನೀರೂ ಹೆಚ್ಚಿದೆ. ಒಪ್ಪಂದದಲ್ಲಿ ಹಡಗಿಗೆ ನಿಯಮ ಇದೆ, ಪೈಪ್‌ಲೈನಿಗೆ ನಿಯಮ ಇದೆ, ಹೊರಗಿನ ಸೈನ್ಯ ಕಾಲಿಡಬಾರದು ಅಂತಲೂ ಇದೆ. ವೋಲ್ಗಾದಿಂದ ಎಷ್ಟು ನೀರು ಬರಬೇಕು ಅನ್ನೋ ಒಂದು ಅಂಕಿ ಮಾತ್ರ ಇಲ್ಲ. ನೀರಿನ ಬಗ್ಗೆ ಮಾತಾಡಿದರೆ ಎಲ್ಲಿ ಒಪ್ಪಂದ ಕೆಡುತ್ತೋ ಅನ್ನೋ ಭಯ ಇರಬೇಕು. ಅಂದಹಾಗೆ, ಐದೂ ದೇಶ ಅನುಮೋದಿಸುವ ತನಕ ಅದು ಜಾರಿಗೂ ಬರಲ್ಲ. ಇರಾನ್ ಇನ್ನೂ ಯೋಚಿಸುತ್ತಿದೆ. ಸಹಿ ಬಿದ್ದ ಅದೇ ಅಕ್ತೌ 2023ರ ಜೂನ್‌ನಲ್ಲಿ, ನೀರು ಇಳಿದು ಹೋಯಿತು ಅಂತ ತುರ್ತು ಪರಿಸ್ಥಿತಿ ಸಾರಿತು.

ವಿಕ್ಟೋರಿಯಾ ಸರೋವರದ ಕಥೆ ಬೇರೆ. ಅಲ್ಲಿ ಮಿಗಿಂಗೋ ಅಂತ ಒಂದು ಬಂಡೆ ಇದೆ. ದ್ವೀಪ ಅಂತ ಕರೆಯುತ್ತಾರೆ, ಆದರೆ ಅರ್ಧ ಫುಟ್‌ಬಾಲ್ ಮೈದಾನದಷ್ಟೂ ಇಲ್ಲ. ಅದರ ಮೇಲೆ ತಗಡಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಸುತ್ತ ನೈಲ್ ಪರ್ಚ್ ಮೀನು ಸಿಗುತ್ತದೆ, ಹಾಗಾಗಿ ಕೀನ್ಯಾಗೂ ಬೇಕು, ಉಗಾಂಡಾಗೂ ಬೇಕು. 2009ರಲ್ಲಿ ಉಗಾಂಡಾದ ಅಧ್ಯಕ್ಷ ಮುಸೆವೆನಿ ಪಂಚಾಯ್ತಿ ಮುಗಿಸಿಯೇಬಿಟ್ಟರು: ದ್ವೀಪ ಕೀನ್ಯಾದ್ದು, ನೀರು ಉಗಾಂಡಾದ್ದು. ಅಂದರೆ ಮೀನುಗಾರ ಕೀನ್ಯಾದಲ್ಲಿ ಮಲಗಿ, ಕಾಲು ಕೆಳಗಿಟ್ಟರೆ ವಿದೇಶ. ಇದೇ ಸರೋವರವನ್ನು ಅಂತರಗಂಗೆ ಕಳೆ 1990ರ ದಶಕದಲ್ಲಿ ಕೀನ್ಯಾ, ಉಗಾಂಡಾ, ಟಾಂಜಾನಿಯಾ ಮೂರೂ ದೇಶಗಳ ದಡದಲ್ಲಿ ಮುಚ್ಚಿಕೊಂಡು ಬಂತು. ಆ ಕಳೆ ನಮ್ಮದು ಅಂತ ಮಾತ್ರ ಯಾರೂ ಹಕ್ಕು ಸಾಧಿಸಲಿಲ್ಲ.

ಇನ್ನು ಯುರೋಪಿನ ಕಾನ್‌ಸ್ಟನ್ಸ್ ಸರೋವರ. ಅಲ್ಲಿಯದು ನಾಚಿಕೆಗೇಡು. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಇಷ್ಟು ಓದಿಕೊಂಡ ದೇಶಗಳು, ಸರೋವರದ ದೊಡ್ಡ ಭಾಗದಲ್ಲಿ ಇವತ್ತಿಗೂ ಗಡಿ ಗೆರೆಯನ್ನೇ ಒಪ್ಪಿಕೊಂಡಿಲ್ಲ! ನಟ್ಟನಡುವೆ ಗಡಿ ಅನ್ನುತ್ತದೆ ಸ್ವಿಟ್ಜರ್ಲೆಂಡ್. ಎಲ್ಲರಿಗೂ ಜಂಟಿ ಅನ್ನುತ್ತದೆ ಆಸ್ಟ್ರಿಯಾ. ಜರ್ಮನಿ ಇದಮಿತ್ಥಂ ಅಂತ ಏನೂ ಹೇಳಿಲ್ಲ. ಗಡಿಯೇ ಇಲ್ಲದ ಮೇಲೆ ಕೊಳಚೆ ಯಾರದು ಅಂತ ಜಗಳವಾಡೋದಾದರೂ ಹೇಗೆ? 1959ರಲ್ಲಿ ಒಂದು ಆಯೋಗ ಮಾಡಿಕೊಂಡು ಚರಂಡಿ ನೀರು ಶುದ್ಧ ಮಾಡೋಕೆ ಹೊರಟರು. 1970ರ ದಶಕದ ಕೊನೆಗೆ ಲೀಟರಿಗೆ 80 ಮೈಕ್ರೋಗ್ರಾಂ ದಾಟಿದ್ದ ರಂಜಕ (ಚರಂಡಿಯಿಂದ ಬಂದು ಪಾಚಿ ಬೆಳೆಸುವ ಫಾಸ್ಫರಸ್) ಈಗ 10ಕ್ಕಿಂತ ಕೆಳಗಿದೆ. 40 ಲಕ್ಷಕ್ಕೂ ಹೆಚ್ಚು ಜನ ಆ ನೀರನ್ನೇ ಕುಡಿಯುತ್ತಾರೆ. ಮೀನುಗಾರರದ್ದೋ ಬೇರೆಯೇ ದೂರು. ನೀರು ತೀರಾ ಚೊಕ್ಕವಾಗಿ ಮೀನಿಗೆ ತಿನ್ನೋಕೆ ಏನೂ ಇಲ್ಲ ಅಂತ!

ಇಂಥ ಲೋಪವನ್ನು ಹೀಗೇ ಬಿಡೋದು ಸರಿಯಲ್ಲ. ಕ್ಯಾಸ್ಪಿಯನ್ ಒಪ್ಪಂದದಲ್ಲಿ ಪಳಗಿದವರ ಒಂದು ತಂಡವನ್ನು ಅಲ್ಲಿಗೆ ಕಳಿಸಬೇಕು. ಮೊದಲು ಇದು ಕೆರೆಯೋ ಕಡಲೋ ಅಂತ ಕೇಳಲಿ. ಆಮೇಲೆ ದಡವನ್ನು ಒಂದು ದಶಮಾಂಶದವರೆಗೆ ಗುರುತಿಸಿಕೊಡಲಿ. ಇಪ್ಪತ್ತೆರಡು ವರ್ಷ ಸಾಕು. ನೀರು ಚೊಕ್ಕವಾಯಿತು ಅನ್ನೋ ಆ ಮೀನುಗಾರರ ದೂರೂ ಅಷ್ಟರಲ್ಲಿ ತಾನಾಗೇ ಪರಿಹಾರವಾಗಿರುತ್ತದೆ.