ಮುಖವಿಲ್ಲದ ರೋಗಿ

ಕಾಯಿಲೆ ಬೀಳುವವರಿಗೆ ಕನಿಷ್ಠ ಒಂದು ಮುಖವಾದರೂ ಇರಬೇಕು. ಬಾಡಿದೆ, ಕಂದಿದೆ, ಊದಿಕೊಂಡಿದೆ ಎಂದು ಏನಾದರೊಂದು ಹೇಳಲು ಅನುಕೂಲ. ನಾಲಿಗೆ ಚಾಚಿಸಿ ನೋಡಬಹುದು, ನಾಡಿ ಹಿಡಿಯಬಹುದು. ಏನೂ ತೋಚದಿದ್ದರೆ ಹಣೆ ಮುಟ್ಟಿ ‘ಸ್ವಲ್ಪ ಬಿಸಿ ಇದೆ’ ಎಂದು ಗಂಭೀರವಾಗಿ ತಲೆಯಾಡಿಸಬಹುದು. ನಮ್ಮ ಮನೆಯ ರೋಗಿಗೆ ಮುಖವಿಲ್ಲ, ಹೃದಯವಿಲ್ಲ, ರಕ್ತವಿಲ್ಲ, ಮಿದುಳೂ ಇಲ್ಲ. ಇರುವುದು ಅಂಟಿಕೊಳ್ಳಲು ಒಂದು ಪಾದ, ಒಂದು ಬಾಯಿ, ಬಾಯಿಯ ಸುತ್ತ ಒಂದಷ್ಟು ಕರಬಳ್ಳಿಗಳು. ಆಹಾರ ಒಳಗೆ ಹೋಗುವುದೂ ಆ ಬಾಯಿಂದಲೇ, ಉಂಡದ್ದರ ಉಳಿಕೆ ಹೊರಗೆ ಬರುವುದೂ ಆ ಬಾಯಿಂದಲೇ. ಇಂಥ ಪ್ರಾಣಿ ‘ಯಾಕೋ ಸಪ್ಪಗಿದೆ’ ಎಂದು ನಮ್ಮ ಯಜಮಾನರು ಒಂದು ಸಂಜೆ ಘೋಷಿಸಿದರು. ಯಾವ ಅಂಗವನ್ನು ನೋಡಿ ಹಾಗೆ ಹೇಳಿದಿರಿ ಎಂದು ಕೇಳಿದೆ. “ನೋಡಿದರೆ ಗೊತ್ತಾಗುವುದಿಲ್ಲವೇ?” ಎಂದು ಸಿಡುಕಿದರು.

ಗೊತ್ತಾಗುತ್ತಿತ್ತು, ಸುಳ್ಳು ಹೇಳಬಾರದು. ಹಗಲೆಲ್ಲ ಗುಂಡು ತುದಿಗಳನ್ನು ಅರಳಿಸಿಕೊಂಡು ನಮ್ಮ ಉಪ್ಪುನೀರಿನ ಗಾಜಿನ ತೊಟ್ಟಿಯ ಬಂಡೆಯ ಮೇಲೆ ಬೀಗುತ್ತಿದ್ದ ಅನಿಮೋನಿ, ಹಿಂಡಿಟ್ಟು ಒಣಹಾಕಲು ಮರೆತ ಕಾಲುಚೀಲದಂತೆ ಮುದುಡಿ ಬಿದ್ದಿತ್ತು.

ಕಡಲ ಹೂ ಎಂದು ಕರೆದರೂ ಇದು ಹೂವಲ್ಲ. ಹವಳ, ಜೆಲ್ಲಿ ಮೀನುಗಳ ಬಳಗದ ಪ್ರಾಣಿ. ನಮ್ಮದು ಕರಬಳ್ಳಿಯ ತುದಿಯಲ್ಲಿ ಗುಳ್ಳೆಯಂತೆ ಉಬ್ಬುವ ಜಾತಿ. ವಿಜ್ಞಾನಿಗಳು ಎಂಟಕ್ಮಿಯಾ ಕ್ವಾಡ್ರಿಕಲರ್ ಎನ್ನುತ್ತಾರೆ. ಕ್ಲೌನ್ ಮೀನುಗಳಿಗೆ ಆಶ್ರಯ ಕೊಡುವ ಹತ್ತೇ ಹತ್ತು ಅನಿಮೋನಿ ಜಾತಿಗಳಲ್ಲಿ ಇದೂ ಒಂದು. ಹೊಸ ತೊಟ್ಟಿಯಲ್ಲಿ ಇದು ಬಾಳುವುದಿಲ್ಲ, ನೀರು ‘ಹದಕ್ಕೆ ಬರಬೇಕು’ ಎಂದು ಯಜಮಾನರು ಬರೀ ಕಲ್ಲು, ನೀರು ನೋಡಿಕೊಂಡು ಹತ್ತಿರ ಹತ್ತಿರ ಒಂದು ವರ್ಷ ಕಾದಿದ್ದರು. ನನ್ನನ್ನು ನೋಡಿ ಒಪ್ಪಿಕೊಳ್ಳಲು ಅವರಿಗೆ ಅರ್ಧ ಗಂಟೆಯೂ ಬೇಕಾಗಿರಲಿಲ್ಲ.

ಸುದ್ದಿ ಹರಡಿದ್ದೇ ತಡ, ಮನೆಯೊಳಗೆ ಬಂದವರೆಲ್ಲ ವೈದ್ಯರಾದರು. ಹಸಿವು ಎಂದರು ಒಬ್ಬರು. ಅಜೀರ್ಣ ಎಂದರು ಇನ್ನೊಬ್ಬರು. ಅದರ ಮೈಮೇಲೆ ಹಗಲಿರುಳು ಹೊರಳಾಡುವ ಕ್ಲೌನ್ ಮೀನಿನ ಕಾಟ ಎಂದು ಮಗ ತೀರ್ಪಿತ್ತ. ತಮಾಷೆಯೆಂದರೆ ಇವೆಲ್ಲವೂ ಆಗಬಹುದಾದ ಕಾರಣಗಳೇ. ದೊಡ್ಡ ತುಂಡು ತಿನ್ನಿಸಿದರೆ ಅನಿಮೋನಿ ಅದನ್ನು ಒಂದೆರಡು ದಿನ ಇಟ್ಟುಕೊಂಡು ವಾಪಸು ಉಗುಳುವುದುಂಟು. ಚಿಕ್ಕ ಅನಿಮೋನಿಗೆ ದಪ್ಪ ಕ್ಲೌನ್ ಮೀನು ಗಂಟುಬಿದ್ದರೆ ಅದರ ಪ್ರೀತಿಯೇ ಪೀಡೆಯಾಗುವುದೂ ಉಂಟು. ನಮ್ಮ ಜೋಡಿಯಲ್ಲಿ ಹೆಣ್ಣೇ ದೊಡ್ಡದು. ಈ ಮೀನುಗಳಲ್ಲಿ ಎಲ್ಲವೂ ಮೊದಲು ಗಂಡಾಗಿದ್ದು, ಮನೆಯ ಯಜಮಾನಿ ಸತ್ತರೆ ಗಂಡನೇ ಹೆಣ್ಣಾಗಿ ಆ ಗಾದಿಗೆ ಏರುತ್ತದೆ. ಈ ಸಂಗತಿ ತಿಳಿದಂದಿನಿಂದ ಯಜಮಾನರು ಆ ಮೀನುಗಳ ಕೌಟುಂಬಿಕ ವಿಚಾರ ಎತ್ತಿದರೆ ಮಾತು ಬದಲಿಸುತ್ತಾರೆ.

ಕೊನೆಗೆ ಹಿರಿಯರೊಬ್ಬರಿಗೆ ಫೋನ್ ಹೋಯಿತು. ಉಪ್ಪುನೀರಿನ ತೊಟ್ಟಿಗಳಲ್ಲೇ ತಲೆ ನರೆಸಿಕೊಂಡವರು. ಯಜಮಾನರ ಗಂಟಲು ಕಟ್ಟಿದ್ದರಿಂದ ಫೋನ್ ನನ್ನ ಕೈಗೆ ಬಂತು.

“ಬಾಯಿ ಹೇಗಿದೆಯಮ್ಮ?” ಎಂಬುದು ಅವರ ಮೊದಲ ಪ್ರಶ್ನೆ.

“ಅವರದೇ? ಮಾತೇ ಹೊರಡುತ್ತಿಲ್ಲ.”

“ಅನಿಮೋನಿಯದು.”

ಬಿಗಿಯಾಗಿ ಮುಚ್ಚಿದ್ದರೆ ಒಳ್ಳೆಯದಂತೆ. ಸದಾ ಆ ಎಂದು ತೆರೆದುಕೊಂಡು, ಒಳಗಿನದು ಹೊರಗೆ ಜೋತುಬಿದ್ದಿದ್ದರೆ ಕಷ್ಟವಂತೆ. ಟಾರ್ಚ್ ಹಿಡಿದು ನೋಡಿದೆವು. ಮುಚ್ಚಿತ್ತು. ನಡುವೆ ಒಮ್ಮೆ ಸ್ವಲ್ಪ ಬಿರಿದು ಕಂದು ಬಣ್ಣದ ಎಳೆಯೊಂದನ್ನು ಹೊರಹಾಕಿ ಮತ್ತೆ ಮುಚ್ಚಿಕೊಂಡಿತು. ಕರುಳೇ ಬಂತು ಎಂದು ಯಜಮಾನರು ಕುರ್ಚಿಯಲ್ಲಿ ಕುಸಿದರು. ಫೋನಿನಲ್ಲಿ ಹಿರಿಯರು ನಕ್ಕರು. ಒಳಗಿನ ಹಳೆಯ ನೀರನ್ನೂ ಕಸವನ್ನೂ ಹೊರದಬ್ಬಿ ಹೊಸ ನೀರು ತುಂಬಿಕೊಳ್ಳಲು ಅನಿಮೋನಿ ಆಗಾಗ ಹೀಗೆ ಕುಗ್ಗುತ್ತದೆ. ಅದರ ಪಾಲಿಗೆ ಅದು ಶೌಚ. ಅಂದರೆ ನಾವು ಮನೆಮಂದಿಯೆಲ್ಲ ಟಾರ್ಚ್ ಹಿಡಿದು, ಉಸಿರು ಬಿಗಿಹಿಡಿದು ನಿಂತು ನೋಡಿದ್ದು ಅದನ್ನೇ.

“ಪಾದ ಬಂಡೆಯನ್ನು ಹಿಡಿದಿದೆಯೇ?” ಹಿಡಿದಿತ್ತು. ಬಿಟ್ಟು ತೇಲತೊಡಗಿದರೆ ಚಿಂತಿಸಬೇಕಂತೆ. “ಬಣ್ಣ?” ಕಂದು, ಹಸಿರು ಅಂಚು. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ಒಕ್ಕಲಿವೆ. ಬೆಳಕಿನಿಂದ ಅಡುಗೆ ಮಾಡಿ ಬಾಡಿಗೆಯ ರೂಪದಲ್ಲಿ ಅನಿಮೋನಿಗೂ ಬಡಿಸುತ್ತವೆ. ಬಿಸಿ ಏರಿದರೂ ಬೆಳಕು ಒಮ್ಮೆಲೇ ಹೆಚ್ಚಿದರೂ ಈ ಒಕ್ಕಲನ್ನು ಕಳೆದುಕೊಂಡು ಅದು ಬಿಳಿಚಿಕೊಳ್ಳುತ್ತದೆ. ಗೊತ್ತಿಲ್ಲದವರು ಎಷ್ಟು ಚೆಂದದ ಬಿಳಿ ಎನ್ನುತ್ತಾರೆ, ಅದು ಉಪವಾಸದಲ್ಲಿರುತ್ತದೆ. ನಮ್ಮದರ ಬಣ್ಣ ಕಳೆದಿರಲಿಲ್ಲ.

“ಈಗ ಮುಟ್ಟಿ ನೋಡಲಿ. ಸೋಪು, ಕ್ರೀಮು ಹಚ್ಚಿದ ಕೈ ಬೇಡ.” ಯಜಮಾನರು ಕೈಯನ್ನು ಬರೀ ನೀರಿನಲ್ಲಿ ತೊಳೆದೂ ತೊಳೆದೂ ಒಂದು ಬೆರಳನ್ನು ಇಳಿಬಿಟ್ಟರು. ಕರಬಳ್ಳಿ ತಟಕ್ಕನೆ ಅಂಟಿಕೊಂಡಿತು. ಅದರ ಕುಟುಕು ಕೋಶಗಳು ಚರ್ಮವನ್ನು ಕಚ್ಚಿ ಹಿಡಿದಾಗ ಬೆರಳಿನ ತುದಿಗೆ ಬರೀ ಅಂಟಾಗಿ ತೋರುತ್ತದೆ. “ಅಂಟಿತು! ಅಂಟಿತು!” ಎಂದು ಅವರು ಕೂಗಿದ ರಭಸಕ್ಕೆ ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು.

“ಹಾಗಾದರೆ ಬದುಕಿದೆ” ಎಂದರು ಹಿರಿಯರು.

“ಸತ್ತರೆ ಹೇಗೆ ಗೊತ್ತಾಗುತ್ತದೆ?”

“ಅದಕ್ಕೆ ನನ್ನನ್ನು ಕೇಳಬೇಕಾಗಿಲ್ಲ, ಮೂಗೇ ಹೇಳುತ್ತದೆ. ತಕ್ಷಣ ತೆಗೆದುಬಿಡಬೇಕು, ಕರಗಿದರೆ ನೀರೆಲ್ಲ ಕೆಟ್ಟು ಉಳಿದವರನ್ನೂ ಕರೆದುಕೊಂಡು ಹೋಗುತ್ತದೆ.”

ಆದರೂ ದಿನದಲ್ಲಿ ಒಂದು ಹೊತ್ತು ಮುದುಡುವುದು ಬೇರೆ, ದಿನವಿಡೀ ಮುದುಡಿಯೇ ಇರುವುದು ಬೇರೆ. ನಮ್ಮದು ಮರುದಿನವೂ ಸರಿಯಾಗಿ ಏಳಲಿಲ್ಲ. ನೀರಿನ ತಪಾಸಣೆ ಶುರುವಾಯಿತು. ಗಾಜಿನ ಪುಟ್ಟ ನಳಿಗೆಯಲ್ಲಿ ನೀರು ತುಂಬಿ, ಹನಿ ಔಷಧ ಹಾಕಿ, ಕುಲುಕಿ, ಕಾದು, ಬಂದ ಬಣ್ಣವನ್ನು ಅಚ್ಚಾದ ಹಾಳೆಯೊಂದಿಗೆ ಹೋಲಿಸುವ ಕೆಲಸ. ನೀರನ್ನು ವಿಷವಾಗಿಸುವ ಅಮೋನಿಯಾ ಇಲ್ಲದಿದ್ದರೆ ಹಳದಿ, ಲೀಟರಿಗೆ 0.25 ಮಿಲಿಗ್ರಾಂ ಇದ್ದರೆ ಹಳದಿಯಲ್ಲಿ ಹಸಿರಿನ ಗುಮಾನಿ. ಕಿಟಕಿಯ ಬಳಿ ನಿಂತರೆ ಹಳದಿ, ದೀಪದ ಕೆಳಗೆ ಬಂದರೆ ಹಸಿರು. ಮಗನಿಗೆ ಹಳದಿ, ಅಪ್ಪನಿಗೆ ಹಸಿರು. ಸೀರೆಗಳ ಬಣ್ಣವನ್ನೆಲ್ಲ ‘ಒಂಥರಾ ಕೆಂಪು’ ಎಂಬ ಒಂದೇ ಪದದಲ್ಲಿ ಮುಗಿಸುವ ಮನುಷ್ಯ ಅಂದು ಗಿಳಿ ಹಸಿರಿಗೂ ಎಳೆ ಹಸಿರಿಗೂ ಇರುವ ವ್ಯತ್ಯಾಸದ ಮೇಲೆ ಭಾಷಣ ಮಾಡಿದರು. ನಾನು ಹಳದಿ ಎಂದೆ. ಬಹುಮತದಿಂದ ಅಮೋನಿಯಾ ಸೊನ್ನೆಯಾಯಿತು.

ಶಾಖ 26 ಡಿಗ್ರಿ ಸೆಲ್ಸಿಯಸ್, ಸರಿ. ಪಿಎಚ್ 8.2, ಅದೂ ಸರಿ. ಉಪ್ಪಿನಂಶ ನೋಡಲು ಮುಳ್ಳು ಮೇಲೇರುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಇತ್ತು. ಎಂದಿನಂತೆ 1.026 ತೋರಿಸಿತು, ಕಡಲಿನ ನೀರಿಗೆ ಹೇಳಿ ಬರೆಸಿದ ಅಂಕಿ. ಎಲ್ಲವೂ ಸರಿ, ರೋಗಿ ಮಾತ್ರ ಸರಿಯಿಲ್ಲ.

ಈ ಬಿಡುವಿನಲ್ಲಿ ಯಜಮಾನರು ಸಮಾಧಾನಕ್ಕಾಗಿ ಹಳೆಯ ಕಥೆಗಳನ್ನು ಓದತೊಡಗಿದರು. 1828ರಲ್ಲಿ ಸ್ಕಾಟ್ಲೆಂಡಿನ ಜಾನ್ ಡ್ಯಾಲಿಯೆಲ್ ಎಂಬವರು ಕಡಲ ತೀರದಿಂದ ಬೇರೊಂದು ಜಾತಿಯ ಅನಿಮೋನಿಯನ್ನು ತಂದು ಜಾಡಿಯಲ್ಲಿಟ್ಟು ಸಾಕಿದರಂತೆ. ‘ಗ್ರ್ಯಾನಿ’, ಅಂದರೆ ಅಜ್ಜಿ, ಎಂದು ಹೆಸರಾದ ಅದು ತಂದವರು ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟುತ್ತ 1887ರವರೆಗೆ ಬದುಕಿತು. ಪಂಪ್ ಇಲ್ಲ, ಹೀಟರ್ ಇಲ್ಲ, ವಿದ್ಯುತ್ ದೀಪವಿಲ್ಲ. “ನೋಡು, ಅರವತ್ತು ವರ್ಷದ ಹತ್ತಿರ!” ಎಂದರು. ನಾನು ಮಗನ ಮುಖ ನೋಡಿದೆ. ಅವನು ಆಗಲೇ ಲೆಕ್ಕ ಹಾಕಿ, ಆಸ್ತಿಯಲ್ಲಿ ತನಗೆ ಪಾಲು ಬೇಡ ಎಂದು ಎದ್ದುಹೋದ.

ರೋಗ ಸಿಕ್ಕಿದ್ದು ಹಿರಿಯರು ಒಂದೇ ಹನಿಯಲ್ಲಿ ಉಪ್ಪಿನಂಶ ಅಳೆಯುವ ತಮ್ಮ ರಿಫ್ರಾಕ್ಟೋಮೀಟರ್ ಹಿಡಿದುಕೊಂಡು ಮನೆಗೇ ಬಂದಾಗ. ಮೊದಲು ಸಾವಿರಕ್ಕೆ 35 ಭಾಗ ಉಪ್ಪಿರುವ ದ್ರಾವಣದಿಂದ ಅದನ್ನು ಸರಿಹೊಂದಿಸಿದರು. ಬಳಿಕ ನಮ್ಮ ನೀರಿನ ಒಂದು ಹನಿ ಹಾಕಿ, ಕಣ್ಣಿಗೆ ಹಿಡಿದು, “ಉಪ್ಪು ಎಲ್ಲಿ?” ಎಂದರು. 1.021. ಹೈಡ್ರೋಮೀಟರನ್ನು ಬೆಳಕಿಗೆ ಎತ್ತಿ ತೋರಿಸಿದರು. ಮುಳ್ಳಿನ ಅಡಿಯಲ್ಲಿ ಸಾಸಿವೆ ಗಾತ್ರದ ಗಾಳಿಗುಳ್ಳೆಗಳು ಸಾಲಾಗಿ ಕುಳಿತಿದ್ದವು. ಗುಳ್ಳೆಗಳು ಮುಳ್ಳನ್ನು ಮೇಲೆತ್ತುತ್ತವೆ, ಅದು ಇಲ್ಲದ ಉಪ್ಪನ್ನು ಇದೆ ಎನ್ನುತ್ತದೆ. ನೀರು ಬದಲಿಸುವಾಗ ಹೊಸ ಉಪ್ಪುನೀರನ್ನು ಅಳೆಯುತ್ತಿದ್ದದ್ದೂ ಇದೇ ಸುಳ್ಳುಬುರುಕ. ಪ್ರತಿ ಬದಲಾವಣೆಗೂ ಕಡಲು ಸ್ವಲ್ಪ ಸ್ವಲ್ಪವೇ ಸಪ್ಪೆಯಾಗಿತ್ತು. ಯಜಮಾನರು ಉಪ್ಪಿನ ಡಬ್ಬಿ ಹಿಡಿದು ಓಡಿಬಂದರು. ಹಿರಿಯರು ಕೈ ಹಿಡಿದುಕೊಂಡರು. ಒಮ್ಮೆಲೇ ಏರಿಸಿದರೆ ಈಗಿನ ಸಂಕಟಕ್ಕಿಂತ ಅದೇ ದೊಡ್ಡ ಸಂಕಟ. ಆವಿಯಾದ ನೀರಿನ ಜಾಗಕ್ಕೆ ಸಿಹಿನೀರಿನ ಬದಲು ಉಪ್ಪುನೀರು ಹಾಕುತ್ತ ದಿನಕ್ಕಿಷ್ಟು ಎಂದು ಏರಿಸಬೇಕು. ಉಳಿದ ಹೊತ್ತು? “ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು.” ನಮ್ಮ ಮನೆಯಲ್ಲಿ ಅತಿ ಕಷ್ಟದ ಚಿಕಿತ್ಸೆ ಅದೇ ಆಯಿತು.

ಕೈ ಜೇಬಿನಲ್ಲಿದ್ದರೂ ಕಣ್ಣು ತೊಟ್ಟಿಯಲ್ಲೇ. ಅಷ್ಟರಲ್ಲಿ ರೋಗಿ ಜಾಗ ಬದಲಿಸತೊಡಗಿತು. ಅನಿಮೋನಿಗೆ ಸರಿಬರದಿದ್ದರೆ ಪಾದವನ್ನು ಜರುಗಿಸುತ್ತ ಹೊರಟುಬಿಡುತ್ತದೆ, ಅಲೆ ಎಬ್ಬಿಸುವ ಪಂಪಿನ ಬಾಯಿಗೆ ಸಿಕ್ಕರೆ ಚೂರುಚೂರು. ಪಂಪಿಗೆ ಸ್ಪಂಜಿನ ಕವಚ ತೊಡಿಸಿದ್ದಾಯಿತು. ಆದರೂ ಯಜಮಾನರಿಗೆ ಧೈರ್ಯ ಸಾಲದೆ ರಾತ್ರಿ ಕಾವಲು ಕುಳಿತರು. ಮನೆ ಕಳೆದುಕೊಂಡ ಹೆಣ್ಣು ಕ್ಲೌನ್ ಮೀನು ಗಾಜು ಉಜ್ಜುವ ಆಯಸ್ಕಾಂತವನ್ನೇ ಅನಿಮೋನಿಯೆಂದು ಬಗೆದು ಅದಕ್ಕೆ ಮೈ ತಿಕ್ಕುತ್ತಿತ್ತು. ಕಾವಲುಗಾರರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.

ಉಪ್ಪು ಹದಕ್ಕೆ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ಅನಿಮೋನಿ ಉದ್ದಕ್ಕೆ ಎಳೆದುಕೊಂಡು ನಡುವೆ ತೆಳ್ಳಗಾಗಿತ್ತು. “ಹರಿದೇ ಹೋಯಿತು” ಎಂದು ಯಜಮಾನರು ಕಣ್ಣಿಗೆ ಕೈ ಅಡ್ಡ ಹಿಡಿದರು. ಹರಿದದ್ದು ನಿಜ. ಸಂಜೆಯ ವೇಳೆಗೆ ಬಂಡೆಯ ಎಡಕ್ಕೊಂದು, ಬಲಕ್ಕೊಂದು ಅನಿಮೋನಿಗಳಿದ್ದವು. ಈ ಜಾತಿ ಹೀಗೆ ಮೈಯನ್ನೇ ಸೀಳಿಕೊಂಡು ಎರಡಾಗುತ್ತದೆ. ಸುಖವಾಗಿದ್ದಾಗಲೂ ಹೀಗೆ ಮಾಡುತ್ತದೆ, ಸಂಕಟದಲ್ಲಿದ್ದಾಗಲೂ ಮಾಡುತ್ತದೆ. ನಮ್ಮದು ಯಾವ ಕಾರಣಕ್ಕೆ ಎಂದು ಹಿರಿಯರನ್ನು ಕೇಳಿದೆ.

“ಅದು ಬಿಡಮ್ಮ. ಇನ್ನು ಮೇಲೆ ರೋಗ ಹಿಡಿಯುವುದು ಸುಲಭ. ಎರಡೂ ಮುದುಡಿದರೆ ನೀರಿನ ದೋಷ. ಒಂದೇ ಮುದುಡಿದರೆ ಅದರದೇ ದೋಷ.”

ಇಷ್ಟು ಸ್ಪಷ್ಟವಾದ ಸೂತ್ರ ಸಿಕ್ಕಿತಲ್ಲ ಎಂದು ಯಜಮಾನರು ಅದನ್ನು ಚೀಟಿಯಲ್ಲಿ ಬರೆದು ತೊಟ್ಟಿಯ ಮೇಲೆ ಅಂಟಿಸಿದರು. ಮರುದಿನ ಬೆಳಿಗ್ಗೆ ಎರಡೂ ಅರ್ಧರ್ಧ ಮುದುಡಿದ್ದವು.