ನೀವೇ ಮಾಡಿದ್ದೇ?

ಖಾಲಿ ಗಾಜಿನ ಜಾಡಿಯಿಂದ ಮಾಡಿ ಮೇಜಿನ ಮೇಲೆ ತೂಗುಹಾಕಿದ ದೀಪವನ್ನು ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: 'ನೀವೇ ಮಾಡಿದ್ದೇ?' ಪ್ರಶ್ನೆಯಲ್ಲಿ ತಪ್ಪಿಲ್ಲ, ದನಿಯಲ್ಲಿದೆ. ಮಗು ಬರೆದ ಚಿತ್ರವನ್ನು ಹಿಡಿದು 'ಓಹೋ, ಆನೆ!' ಎನ್ನುವಾಗ ಬರುವ ದನಿ ಅದು. ಕುರ್ಚಿಯನ್ನೋ ಗಡಿಯಾರವನ್ನೋ ತೋರಿಸಿ ಯಾರೂ ಹೀಗೆ ಕೇಳಿದ್ದಿಲ್ಲ.

ಹಿಂದೆಯೇ ಬರುತ್ತದೆ ಇನ್ನೊಂದು: 'ಸುಲಭ ಅಲ್ಲವೇ?' ಮುಚ್ಚಳಕ್ಕೆ ತೂತು ಕೊರೆದು, ಹೋಲ್ಡರ್ ಕೂರಿಸಿ, ವೈರ್ ಎಳೆದರೆ ಮುಗಿಯಿತು ಎನ್ನುವವರು ಲೇಬಲ್ಲಿನ ಮಾತೆತ್ತುವುದೇ ಇಲ್ಲ. ನೀರಿಗೆ ಕರಗುವ ಅಂಟಾದರೆ ಲೇಬಲ್ ತಾನಾಗಿಯೇ ಜಾರಿ ತೇಲುತ್ತದೆ. ಅಂಥ ಜಾಡಿ ನನ್ನ ಪಾಲಿಗೆ ಬರುವುದಿಲ್ಲ. ನನ್ನ ಜಾಡಿಯ ಮೇಲಿನ ಹೊಳಪಿನ ಪದರ ಸಲೀಸಾಗಿ ಕಿತ್ತು ಬಂದು ಆಸೆ ಹುಟ್ಟಿಸುತ್ತದೆ. ಅಡಿಯ ಬಿಳಿ ಕಾಗದ ಮಾತ್ರ ಕದಲುವುದಿಲ್ಲ. ಬೆರಳಿನಿಂದ ಉಜ್ಜಿದರೆ ಬೂದುಬಣ್ಣದ ಸಣ್ಣ ಬತ್ತಿಗಳಾಗಿ ಹೊಸೆದುಕೊಂಡು, ಇಲ್ಲಿಂದ ಎದ್ದು ಅಲ್ಲಿ ಅಂಟಿಕೊಳ್ಳುತ್ತದೆ. ಎಣ್ಣೆ, ಅಡುಗೆ ಸೋಡಾ ಕಲಸಿ ಹಚ್ಚಿದರೆ ಅಂಟು ಬಿಡುತ್ತದೆ, ನಿಜ. ಆಮೇಲೆ ಎಣ್ಣೆ ಬಿಡುವುದಿಲ್ಲ. ಎಲ್ಲ ತೊಳೆದು ಒರೆಸಿ, ಗಾಜು ಫಳಫಳಿಸಿತೆಂದು ಬಲ್ಬು ಹಾಕಿದರೆ ಎದುರು ಗೋಡೆಯ ಮೇಲೆ ಲೇಬಲ್ಲಿನದೇ ಅಳತೆಯ ಮಸುಕಾದ ಚೌಕ ಮೂಡುತ್ತದೆ.

ಇಷ್ಟೆಲ್ಲ ಪಾಡುಪಡಿಸುವ ಜಾಡಿಯಲ್ಲಿ ನಾನು ನಿಜವಾಗಿ ಮೆಚ್ಚುವುದು ಅದರ ಕತ್ತನ್ನು, ಮುಚ್ಚಳ ತಿರುಗಿಸಿ ಕೂರಿಸಲು ಅಲ್ಲಿ ಸುತ್ತಿಬಂದಿರುವ ತಿರುಪನ್ನು. ಆ ತಿರುಪು ಇಲ್ಲದಿದ್ದರೆ ಜಾಡಿ ಮುಚ್ಚಳಕ್ಕೆ ಜೋತು ಬೀಳುವ ಮಾತೇ ಇರಲಿಲ್ಲ. ಇದರ ಹಿಂದೆ ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ ಎಂಬ ತಗಡಿನ ಕೆಲಸಗಾರನಿದ್ದಾನೆ. ಅವನಿಗೂ ಮೊದಲು ಗಾಜಿನ ಜಾಡಿಯ ಬಾಯಿಗೆ ಚಪ್ಪಟೆ ತಗಡಿಟ್ಟು ಸುತ್ತಲೂ ಮೇಣ ಸುರಿದು ಮುಚ್ಚುತ್ತಿದ್ದರು. ಮೇಣ ಎಲ್ಲೋ ಒಂದು ಕೂದಲಿನಷ್ಟು ಬಿಟ್ಟುಕೊಂಡರೂ ಒಳಗಿನದ್ದು ಕೆಡುತ್ತಿತ್ತು. ಮೇಸನ್ ಜಾಡಿಯ ಕತ್ತಿಗೆ ತಿರುಪು ಕೊಟ್ಟ; ಆ ತಿರುಪು ಕತ್ತಿನ ತುದಿಯವರೆಗೆ ಹೋಗದೆ ಮೊದಲೇ ಮಾಯವಾಗುವಂತೆ ನೋಡಿಕೊಂಡ. ಹಾಗಾಗಿ ಮುಚ್ಚಳ ಕೊನೆಯವರೆಗೂ ಇಳಿದು ಬಿಗಿಯಾಗಿ ಕೂತಿತು. 1858ರ ನವೆಂಬರ್ 30ರಂದು ಪೇಟೆಂಟ್ ಸಿಕ್ಕಾಗ ಅವನಿಗಿನ್ನೂ ಇಪ್ಪತ್ತಾರರ ಪ್ರಾಯ. ತಿರುಪಿನ ಮುಚ್ಚಳದ ಉಪ್ಪಿನ ಡಬ್ಬಿಯೂ ಅವನದೇ ಎನ್ನುತ್ತಾರೆ. ತಿರುಗಿಸುವುದರಲ್ಲಿ ಅವನಿಗೆ ಅಷ್ಟು ಪ್ರೀತಿ. ಆದರೆ 1879ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಆಮೇಲೆ ಯಾರು ಬೇಕಾದರೂ ಮಾಡಬಹುದಿತ್ತು, ಮಾಡಿದರು. ತಮಾಷೆ ನೋಡಿ, ಬೇರೆಯವರ ಕಾರ್ಖಾನೆಯಿಂದ ಹೊರಬಿದ್ದ ಜಾಡಿಗಳ ಹೊಟ್ಟೆಯ ಮೇಲೂ ಮೇಸನ್ನನ ಹೆಸರು, 1858ರ ಆ ತಾರೀಖು ಉಬ್ಬಕ್ಷರದಲ್ಲಿ ದಶಕಗಳ ಕಾಲ ಉಳಿದವು. ಹೆಸರು ಇವನದು, ಹಣ ಅವರದು. 1902ರಲ್ಲಿ ಬಡತನದಲ್ಲೇ ತೀರಿಕೊಂಡ. ಅಂಟಿಸಿದ ಲೇಬಲ್ ಆಗಿದ್ದರೆ ಒಂದು ದಿನ ಸೋಡಾ ಹಚ್ಚಿ ಕಿತ್ತು ಹಾಕುತ್ತಿದ್ದರು. ಗಾಜಿನಲ್ಲೇ ಎರಕ ಹೊಯ್ದ ಹೆಸರನ್ನು ಏನು ಮಾಡುವುದು? ಈ ಕಥೆಯನ್ನು ಅತಿಥಿಗಳಿಗೆ ಹೇಳಲು ಶುರುಮಾಡಿದರೆ ಪೇಟೆಂಟ್ ಬರುವಷ್ಟರಲ್ಲಿ ಅವರು ಮೊಬೈಲ್ ನೋಡತೊಡಗುತ್ತಾರೆ. ದೀಪದ ಬಗ್ಗೆ ಕೇಳಿದವರು ಅವರೇ ತಾನೇ?

ದೀಪದ ಬಗ್ಗೆಯೇ ಹೇಳುವುದಾದರೆ, ವೈರಿನ ಕೆಲಸವನ್ನು ಬಲ್ಲವರ ಕೈಗೆ ಕೊಡಬೇಕು. ಜಾಡಿಯ ಭಾರ ವೈರಿನ ತುದಿಯ ಸ್ಕ್ರೂಗಳ ಮೇಲೆ ಬೀಳಬಾರದು, ತೂತಿನ ಚೂಪು ಅಂಚಿಗೆ ರಬ್ಬರಿನ ಬಳೆ ಇರಬೇಕು, ತಗಡಿನ ಮುಚ್ಚಳಕ್ಕೆ ಅರ್ಥಿಂಗ್ ಬೇಕು. ಹಳೆಯ ತಂತಿಯ ಬಲ್ಬಂತೂ ಬೇಡವೇ ಬೇಡ; ಅದು ಉರಿಸುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಶಾಖವಾಗಿ ಹೋಗುತ್ತದೆ, ಜಾಡಿಯ ಗಾಜೋ ಶಾಖದ ಏರುಪೇರಿಗೆ ಬಿರಿಯುವಂಥದ್ದು. ಎಲ್‌ಇಡಿ ತಂಪು ಎನ್ನುತ್ತಾರಾದರೂ ಅದರ ಬುಡದಲ್ಲಿ ಕೂತಿರುವ ಎಲೆಕ್ಟ್ರಾನಿಕ್ ಭಾಗಗಳಿಗೆ ಸೆಕೆ ಆಗದು. ಮುಚ್ಚಿದ ಜಾಡಿಯಲ್ಲಿ ಬೇಗ ಸಾಯುತ್ತವೆ. ಆದ್ದರಿಂದ ಮುಚ್ಚಳಕ್ಕೆ ಗಾಳಿಯ ರಂಧ್ರಗಳು ಬೇಕೇ ಬೇಕು.

ಗಾಳಿಗೆಂದು ಬಿಟ್ಟ ರಂಧ್ರದಲ್ಲಿ ಹುಳಗಳು ಬರುತ್ತವೆ. ಬಂದ ದಾರಿ ಮರೆತು, ಬಲ್ಬಿಗೆ ಪ್ರದಕ್ಷಿಣೆ ಹಾಕಿ ಹಾಕಿ, ಜಾಡಿಯ ತಳದಲ್ಲಿ ಅಂಗಾತ ಬೀಳುತ್ತವೆ. ಬೆಳಕು ಮೇಲಿನಿಂದ ಬೀಳುವುದರಿಂದ, ಅಕ್ಕಿಕಾಳಿನಷ್ಟಿದ್ದದ್ದರ ನೆರಳು ಮೇಜಿನ ಮೇಲೆ ಆರು ಕಾಲು ಚಾಚಿಕೊಂಡು ಹೆಬ್ಬೆರಳಿನಷ್ಟಾಗಿ ಕಾಣುತ್ತದೆ. ಅತಿಥಿಗಳು ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕೂರುತ್ತಾರೆ, ಏನೂ ಹೇಳುವುದಿಲ್ಲ. ರಂಧ್ರಗಳಿಗೆ ಜಾಲರಿ ಹಚ್ಚಿ ಎಂದು ಮನೆಯವರ ಸಲಹೆ. ಜಾಲರಿಗೆ ದೂಳು ಕಟ್ಟಿದರೆ ಗಾಳಿ ಎಲ್ಲಿಂದ ಬರಬೇಕು ಎಂದು ನನ್ನ ವಾದ. ವಾದ ಇನ್ನೂ ನಡೆಯುತ್ತಿದೆ. ಅಲ್ಲಿಯವರೆಗೆ ಸ್ವಿಚ್ ಆರಿಸಿ, ಸ್ಟೂಲ್ ಹತ್ತಿ, ಜಾಡಿಯನ್ನು ಬಿಚ್ಚಿ ಹುಳ ಸುರಿಯುವುದು ನನ್ನ ಪಾಲಿನ ಕೆಲಸ. ಮೇಸನ್ನನ ತಿರುಪು ಅದೆಷ್ಟು ಬಿಗಿಯೆಂದರೆ ಜಾಡಿ ತಿರುಗಿಸಿದರೆ ಮುಚ್ಚಳವೂ ಜೊತೆಗೇ ತಿರುಗಿ ವೈರ್ ಹುರಿಗೊಳ್ಳುತ್ತದೆ. ಒಂದು ಕೈಯಲ್ಲಿ ಮುಚ್ಚಳ ಹಿಡಿದು ಇನ್ನೊಂದರಲ್ಲಿ ಜಾಡಿ ತಿರುಗಿಸಬೇಕು. ಸ್ಟೂಲನ್ನು ಹಿಡಿದುಕೊಳ್ಳಲು ಯಾರಾದರೂ ಬನ್ನಿ ಎಂದರೆ ಮನೆಯಲ್ಲಿ ಎಲ್ಲರಿಗೂ ಅದೇ ಹೊತ್ತಿಗೆ ಕೆಲಸ.